ಹದಿನೆಂಟು ಬೆಡ್‌ಶೀಟ್ ದೂರ

ಆ ಲಾಂಡ್ರಿಗೆ ಆರು ವ್ಯಾನು, ಆರು ಡ್ರೈವರು, ಆರು ಜನರ ಹನ್ನೆರಡು ಕಿವಿಗೆ ಒಂದೇ ಬಾಯಿ. ಆ ಬಾಯಿ ಆಫೀಸು ಕೋಣೆಯಲ್ಲಿ, ಗೋಡೆ ಗಡಿಯಾರದ ಕೆಳಗೆ, ಎರಡು ಫೋನುಗಳ ನಡುವೆ ಹದಿನಾಲ್ಕು ವರ್ಷದಿಂದ ಕೂತಿತ್ತು.

ಊರಿನ ಆಸ್ಪತ್ರೆ, ಲಾಡ್ಜು, ಹಾಸ್ಟೆಲುಗಳ ಬೆಡ್‌ಶೀಟು, ದಿಂಬಿನ ಕವರು, ಟವೆಲುಗಳೆಲ್ಲ ಇಲ್ಲಿಗೆ ಮಾಸಿ ಬಂದು ಮಡಿಯಾಗಿ, ಮಡಿಕೆಯಾಗಿ ವಾಪಸು ಹೋಗುತ್ತಿದ್ದವು. ಯಾವ ಮೂಟೆ ಎಲ್ಲಿದೆ ಎಂದು ತಿಳಿದಿರಬೇಕಾದದ್ದು ಆ ಬಾಯಿಯ ಒಡತಿ ಅಕ್ಕನ ಕೆಲಸ. ಅದಕ್ಕೆ ಅವಳ ಬಳಿ ಇದ್ದ ವಿದ್ಯೆ ಒಂದೇ. ಫೋನೆತ್ತುವುದು, "ಎಲ್ಲಿದೀಯಾ?" ಎನ್ನುವುದು. ದಿನಕ್ಕೆ ಅರವತ್ತು ಸಲವಾದರೂ ಆ ಪ್ರಶ್ನೆ ಊರಿನ ಮೇಲೆ ಹಾರಾಡುತ್ತಿತ್ತು. ಡ್ರೈವರುಗಳು ಅವಳಿಗೆ 'ಎಲ್ಲಿದೀಯಕ್ಕ' ಎಂದೇ ಹೆಸರಿಟ್ಟಿದ್ದರು. ಅವರ ಉತ್ತರವೂ ಒಂದೇ: "ಇಲ್ಲೇ ಅಕ್ಕ, ಸರ್ಕಲ್ ಹತ್ರ." ಊರಿಗಿದ್ದದ್ದೇ ಒಂದು ಸರ್ಕಲ್ಲು. ಅವರ ಮಾತು ನಂಬಿದರೆ ಹದಿನಾಲ್ಕು ವರ್ಷದಿಂದ ಆರೂ ವ್ಯಾನು ಅಲ್ಲೇ ಗಿರಗಿರ ಸುತ್ತುತ್ತಿದ್ದವು.

ಯಜಮಾನರು ಒಮ್ಮೆ ಫೋನ್ ಬಿಲ್ಲು ನೋಡಿ, "ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ದೊಡ್ಡೋರು ಹೇಳಿದಾರಮ್ಮ. ನೀವು ಹಾಸಿಗೆಗೊಂದು ಕಾಲ್ ಮಾಡ್ತೀರಿ" ಎಂದಿದ್ದರು. ಅಕ್ಕ ಅದನ್ನು ಹೊಗಳಿಕೆ ಎಂದು ತಿಳಿದಿದ್ದಳು.

ಹೀಗೆ ಕರೆಗೂ ಕರೆಕರೆಗೂ ನಡುವೆ ಸುಖವಾಗಿದ್ದ ಲಾಂಡ್ರಿಗೆ ಅಕ್ಕನ ಮಗಳೇ ಡ್ರೈವರಾಗಿ ಬಂದಳು.

ಮಗಳಿಗೆ ಇಪ್ಪತ್ತೊಂದು. ಮನೆಯಲ್ಲಿ ಎಲ್ಲರ ಬಾಯಲ್ಲೂ ಗುಬ್ಬಿ. ಲೈಸೆನ್ಸು ಕೈಗೆ ಬಂದು ನಾಲ್ಕು ತಿಂಗಳಾಗಿತ್ತಷ್ಟೆ. ಅದಕ್ಕೆ ಮುಂಚೆ ಒಂಬತ್ತು ತಿಂಗಳು ಒಂದು ಚಪ್ಪಲಿ ಅಂಗಡಿಯಲ್ಲಿ ಊರವರ ಕಾಲು ಹಿಡಿದು ಸಾಕಾಗಿ, ಇನ್ನು ಮೇಲೆ ಕಾಲಿಡುವುದಾದರೆ ಕ್ಲಚ್ಚಿನ ಮೇಲೆಯೇ ಎಂದು ಶಪಥ ಮಾಡಿದ್ದಳು. ಬೇರೆ ಯಾವ ಕೆಲಸದ ಮಾತೆತ್ತಿದರೂ ಮುಖ ಗಂಟಿಕ್ಕುತ್ತಿದ್ದವಳು, ಸ್ಟೇರಿಂಗ್ ಎಂದರೆ ಸಾಕು, ಹಸಿವೆ ಮರೆಯುತ್ತಿದ್ದಳು. ಆರನೇ ವ್ಯಾನಿನ ಡ್ರೈವರು ರಿಟೈರ್ ಆದಾಗ ಅಕ್ಕ ಯಜಮಾನರ ಮುಂದೆ ಕೈ ಹಿಸುಕಿಕೊಳ್ಳುತ್ತಾ ನಿಂತಳು.

"ಒಂದು ತಿಂಗಳು ನೋಡ್ತೀನಿ" ಎಂದರು ಯಜಮಾನರು. "ಆದ್ರೆ ಆರನೇ ಗಾಡೀಲಿ ಕ್ಯಾಮೆರಾ ಇದೆ. ಗೊತ್ತಲ್ಲ?"

ಗೊತ್ತಿತ್ತು. ಹಿಂದಿನ ವರ್ಷ ಒಬ್ಬ ಹೊಸ ಹುಡುಗ ಮೆಸೇಜು ಓದುತ್ತಾ ಓದುತ್ತಾ ವ್ಯಾನನ್ನು ಒಂದು ಕಾಂಪೌಂಡಿಗೆ ಓದಿಸಿದ್ದ. ಹುಡುಗನ ಭುಜದ ಮೂಳೆ ಕೂಡಿಕೊಂಡಿತು, ಕಾಂಪೌಂಡು ಕೂಡಿಕೊಳ್ಳಲಿಲ್ಲ. ಆಮೇಲೆ ಹೊಸಬರು ಓಡಿಸುವ ಗಾಡಿಗೆಂದು ಆರನೆಯದಕ್ಕೆ ಕ್ಯಾಮೆರಾ ಹಾಕಿಸಿದ್ದರು. ಅದಕ್ಕೆ ಎರಡು ಕಣ್ಣು. ಒಂದು ರಸ್ತೆಯ ಕಡೆ, ಒಂದು ಡ್ರೈವರಿನ ಮುಖದ ಕಡೆ. ಸಂಜೆ ಅದರ ಮೆಮೊರಿ ಚಿಪ್ಪನ್ನು ಕಂಪ್ಯೂಟರಿಗೆ ಹಾಕಿ ಯಜಮಾನರು ಸೀರಿಯಲ್ ನೋಡುವಂತೆ ನೋಡುತ್ತಿದ್ದರು. ಗಾಡಿ ಓಡುವಾಗ ಫೋನಿನ ಮೇಲೆ ಕಣ್ಣೋ ಕೈಯೋ ಹೋದರೆ ಒಂದು ಸಲ ಎಚ್ಚರಿಕೆ, ಎರಡನೇ ಸಲ ಎಚ್ಚರಿಕೆ, ಮೂರನೇ ಸಲ ಕೀ ಟೇಬಲ್ ಮೇಲಿಟ್ಟು ಮನೆಗೆ.

ಮೊದಲನೇ ಎಚ್ಚರಿಕೆ ಎರಡನೇ ದಿನಕ್ಕೇ ಬಂತು. ಗುಬ್ಬಿ ಓಡಿಸುತ್ತಾ ಫೋನೆತ್ತಿ, "ಇಲ್ಲೇ, ಸರ್ಕಲ್ ಹತ್ರ" ಎಂದಿದ್ದಳು. ಪ್ರಶ್ನೆ ಯಾರದೆಂದು ಯಜಮಾನರು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ. ಅಕ್ಕ ಮಗಳನ್ನೇ ಬೈದಳು: "ಓಡಿಸ್ತಾ ಯಾಕೇ ಎತ್ತಿದೆ?"

"ಎತ್ತದೇ ಇದ್ರೆ ಇನ್ನೊಂದು ಸಲ ಮಾಡ್ತೀಯ. ಆಗ್ಲೂ ಎತ್ತದೇ ಇದ್ರೆ ಅಪ್ಪನಿಗೆ ಮಾಡ್ತೀಯ."

ಅದು ಸತ್ಯವೇ ಆಗಿತ್ತು.

ಎರಡನೆಯದು ಎಂಟನೇ ದಿನ. ಅಕ್ಕ ಜಾಣತನ ಮಾಡಿ ಫೋನ್ ಮಾಡಿರಲಿಲ್ಲ, ಮೆಸೇಜ್ ಹಾಕಿದ್ದಳು. 'ಊಟ ಆಯ್ತಾ' ಎಂದು ಎರಡೇ ಪದ. ಮರುದಿನ ಬೆಳಗ್ಗೆ, ವ್ಯಾನುಗಳು ಹೊರಡುವ ಮುಂಚೆ, ಯಜಮಾನರು ತಾಯಿ ಮಗಳಿಬ್ಬರನ್ನೂ ಕಂಪ್ಯೂಟರಿನ ಮುಂದೆ ಕೂರಿಸಿದರು.

ಪರದೆಯ ಎಡಕ್ಕೆ ಗುಬ್ಬಿಯ ಮುಖ, ಬಲಕ್ಕೆ ರಸ್ತೆ. ಸೀಟಿನ ಮೇಲಿದ್ದ ಫೋನು ಟಿಂಗ್ ಎಂದಿತು. ಗುಬ್ಬಿಯ ಕಣ್ಣು ಕೆಳಗಿಳಿಯಿತು. ಒಂದು, ಎರಡು, ಮೂರು, ನಾಲ್ಕು. ಕಣ್ಣು ಮೇಲೆ ಬಂತು. ಬಲಗಡೆಯ ರಸ್ತೆಯಲ್ಲಿ ಅಷ್ಟರೊಳಗೆ ಏನೂ ಆಗಲಿಲ್ಲ. ಏಣಿ ಹೊತ್ತ ಒಬ್ಬ ಪೇಂಟರು ರಸ್ತೆಯಂಚಿಗೆ ಬಂದು, ವ್ಯಾನು ನೋಡಿ, ಒಂದು ಹೆಜ್ಜೆ ಹಿಂದಕ್ಕಿಟ್ಟ, ಅಷ್ಟೇ.

"ಏನೂ ಆಗ್ಲಿಲ್ಲವಲ್ಲ ಸರ್" ಎಂದಳು ಅಕ್ಕ.

"ಆಗ್ಲಿಲ್ಲ. ಆ ಪೇಂಟರ್ ನೋಡಿದ, ಅದಕ್ಕೆ ಆಗ್ಲಿಲ್ಲ. ನೋಡ್ಬೇಕಾದೋಳು ಇವಳು, ನೋಡಿದೋನು ಅವನು." ಯಜಮಾನರು ಜೇಬಿನಿಂದ ಒಂದು ಚೀಟಿ ತೆಗೆದರು. "ಗಾಡಿ ನಲವತ್ತರಲ್ಲಿತ್ತು. ನಲವತ್ತರಲ್ಲಿ ಸೆಕೆಂಡಿಗೆ ಹನ್ನೊಂದು ಮೀಟರ್. ನಾಲ್ಕು ಸೆಕೆಂಡಿಗೆ ನಲವತ್ನಾಲ್ಕು. ಅರ್ಥ ಆಯ್ತಾ?"

ತಾಯಿ ಮಗಳಿಬ್ಬರೂ ತಲೆಯಾಡಿಸಿದರು. ಅರ್ಥವಾದವರು ಆಡಿಸುವ ಹಾಗೆ ಆಡಿಸಲಿಲ್ಲ.

ಯಜಮಾನರಿಗೂ ಮೀಟರಿನ ಭಾಷೆ ಅಷ್ಟಕ್ಕಷ್ಟೆ. ನಲವತ್ತು ವರ್ಷ ಬೆಡ್‌ಶೀಟು ಒಗೆದವರಿಗೆ ಜಗತ್ತೆಲ್ಲ ಬೆಡ್‌ಶೀಟಿನ ಅಳತೆಯಲ್ಲೇ ಕಾಣುತ್ತಿತ್ತು. ಅವರ ಸೈಟು ಇಂತಿಷ್ಟು ಬೆಡ್‌ಶೀಟು, ಮನೆಯ ಪಡಸಾಲೆ ಇಂತಿಷ್ಟು ಬೆಡ್‌ಶೀಟು. ಎದ್ದು ಅಂಗಳಕ್ಕೆ ನಡೆದರು. ಲಾಡ್ಜಿನಿಂದ ಬಂದ ಮಾಸಿದ ಮೂಟೆಯೊಂದನ್ನು ಬಿಚ್ಚಿಸಿ, "ಒಂದರ ತುದಿಗೆ ಒಂದು ಹಾಸ್ರಪ್ಪ" ಎಂದರು. "ಒಂದೊಂದು ಎರಡೂವರೆ ಮೀಟರ್. ಹದಿನೇಳೂ ಚಿಲ್ಲರೆ ಬರುತ್ತೆ, ಹದಿನೆಂಟು ಹಾಸಿ."

ಹಾಸಿದರು. ಬಾಯ್ಲರಿನ ಗೋಡೆಯಿಂದ ಶುರುವಾದ ಬಿಳಿ ಪಟ್ಟಿ ಒಗೆಯುವ ಮನೆ ದಾಟಿತು, ಇಸ್ತ್ರಿ ಶೆಡ್ಡು ದಾಟಿತು, ವ್ಯಾನುಗಳನ್ನು ದಾಟಿತು, ಗೇಟಿನ ಹತ್ತಿರ ಹೋಗಿ ಮುಗಿಯಿತು. ಹೊರಡಲು ನಿಂತಿದ್ದ ಡ್ರೈವರುಗಳು ಮಾತು ನಿಲ್ಲಿಸಿದರು. ಅಷ್ಟುದ್ದ ಮಲಗಿದ ಬೆಡ್‌ಶೀಟನ್ನು ಅವರು ಯಾರೂ ನೋಡಿರಲಿಲ್ಲ.

"ನಿಮ್ಮ ಎರಡು ಪದ ಇಷ್ಟುದ್ದ ಇತ್ತಮ್ಮ" ಎಂದರು ಯಜಮಾನರು. "ಇಷ್ಟು ದೂರ ನಿಮ್ಮ ಮಗಳು ಕಣ್ಣು ಮುಚ್ಕೊಂಡು ಗಾಡಿ ಓಡಿಸಿದ್ಲು. ನೀವು ಓಡಿಸೋದು ಬೇಡ, ನಡೀರಿ ಸಾಕು. ಕಣ್ಣು ಮುಚ್ಕೊಂಡು, ಬೆಡ್‌ಶೀಟ್ ಮೇಲೇ."

ಅಕ್ಕ ಚಪ್ಪಲಿ ಬಿಟ್ಟು ಮೊದಲನೇ ಬೆಡ್‌ಶೀಟಿನ ಮೇಲೆ ನಿಂತು ಕಣ್ಣು ಮುಚ್ಚಿದಳು. ಇದೇನು ಮಹಾ, ಹದಿನಾಲ್ಕು ವರ್ಷ ಓಡಾಡಿದ ಅಂಗಳ ಎಂದುಕೊಂಡಳು. ಐದನೆಯದರ ತನಕ ಅಂಗಾಲಿಗೆ ಬಟ್ಟೆ ಮೆತ್ತಗೆ ತಾಗುತ್ತಿತ್ತು. ಆರು, ಏಳು. ಇನ್ನೂ ಮುಗಿಯದೇ ಇದ್ದದ್ದು ಸ್ವಲ್ಪ ಆಶ್ಚರ್ಯವೆನಿಸಿತು. ಒಂಬತ್ತು, ಹತ್ತು.

"ಅಕ್ಕಾ, ಎಲ್ಲಿದೀಯಾ?" ಎಂದು ಬದಿಯಿಂದ ಕೂಗಿದ ಮೀಸೆ. ಅವನು ಡ್ರೈವರುಗಳಲ್ಲಿ ಹಿರಿಯ. ಅವನಿಗಿಂತ ಎರಡು ಇಂಚು ಮುಂಚೆ ಅವನ ಮೀಸೆ ಎಲ್ಲ ಕಡೆ ತಲುಪುತ್ತಿದ್ದರಿಂದ ಆ ಹೆಸರು.

"ಇಲ್ಲೇ ಕಣೋ" ಎಂದು ಅಕ್ಕ ಅತ್ತ ತಲೆ ತಿರುಗಿಸಿದಳು. ಎಲ್ಲರೂ ನಕ್ಕರು. ತಲೆ ತಿರುಗಿದತ್ತ ಹೆಗಲು ತಿರುಗಿತು, ಹೆಗಲು ತಿರುಗಿದತ್ತ ಕಾಲು. ಮುಂದಿನ ಮೂರು ಹೆಜ್ಜೆಗೆ ಅಂಗಾಲಿಗೆ ಬಟ್ಟೆಯ ಬದಲು ಸಿಮೆಂಟು ಸಿಕ್ಕಿತು, ನಾಲ್ಕನೆಯದಕ್ಕೆ ಮೊಣಕಾಲಿಗೆ ಒದ್ದೆ ಬಟ್ಟೆಯ ಟ್ರಾಲಿ ಸಿಕ್ಕಿತು.

ನಗು ನಿಂತಿತು. ಅಕ್ಕ ಕಣ್ಣು ಬಿಟ್ಟಳು. ಹನ್ನೊಂದನೇ ಬೆಡ್‌ಶೀಟು ಅವಳ ಎಡಕ್ಕೆ ಮೂರು ಅಡಿ ದೂರದಲ್ಲಿತ್ತು. ಅದರಾಚೆ ಇನ್ನೂ ಏಳು ಬಾಕಿ ಇದ್ದವು.

"ನೀನು ಕೂಗಬಾರದಿತ್ತು ಕಣೋ" ಎಂದಳು ಮೊಣಕಾಲು ನೀವುತ್ತಾ.

"ನೀವು ದಿನಾ ಕೂಗಲ್ವಾ ಅಕ್ಕ?" ಎಂದ ಮೀಸೆ. ಕುಹಕಕ್ಕೆ ಹೇಳಿದ್ದಲ್ಲ, ನಿಜವಾಗಿಯೂ ಕೇಳಿದ್ದು. ಅದಕ್ಕೇ ಅದು ಟ್ರಾಲಿಗಿಂತ ಜೋರಾಗಿ ತಾಗಿತು.

ಯಜಮಾನರು "ಎರಡಾಯ್ತು" ಎಂದು ಒಳಗೆ ಹೋದರು. ಗುಬ್ಬಿ ಒಬ್ಬಳೇ ಹದಿನೆಂಟೂ ಬೆಡ್‌ಶೀಟು ಎತ್ತಿ ಟ್ರಾಲಿಗೆ ಹಾಕಿದಳು. ಹಾಕುವಾಗ ಒಂದೊಂದನ್ನೂ ಎಣಿಸುತ್ತಿದ್ದದ್ದು ಅಕ್ಕನಿಗೆ ಕೇಳಿಸುತ್ತಿತ್ತು.

ಇನ್ನು ಉಳಿದದ್ದು ಒಂದೇ ತಪ್ಪಿನ ಜಾಗ. ಆ ತಪ್ಪನ್ನು ಮಾಡುವುದು ಮಗಳಾದರೂ ಮಾಡಿಸುವುದು ತಾನು ಎಂಬುದು ಅಕ್ಕನಿಗೆ ಈಗ ಕಣ್ಣು ಮುಚ್ಚಿದರೂ ಕಾಣುತ್ತಿತ್ತು. ಅಂದಿನಿಂದ ಅವಳು ಓಡುವ ಗಾಡಿಗೆ ಫೋನ್ ಮಾಡುವುದನ್ನು ಬಿಟ್ಟಳು. ಮಗಳಿಗೆ ಮಾತ್ರ ಬಿಟ್ಟರೆ ಉಳಿದವರ ಮೊಣಕಾಲೇನು ಕಬ್ಬಿಣದ್ದೇ ಎನ್ನಿಸಿ ಆರೂ ಜನಕ್ಕೆ ಬಿಟ್ಟಳು.

ಕೆಲಸ ನಡೆಯಬೇಕಲ್ಲ. ಗಾಡಿಗೆ ಮಾಡುತ್ತಿದ್ದ ಫೋನನ್ನು ಗಾಡಿ ತಲುಪುವ ಜಾಗಕ್ಕೆ ಮಾಡಿದಳು. ಆಸ್ಪತ್ರೆಯ ಬಟ್ಟೆ ಸ್ಟೋರಿನ ಮೇಡಂ, ಲಾಡ್ಜುಗಳ ಮ್ಯಾನೇಜರುಗಳು, ಹಾಸ್ಟೆಲಿನ ವಾರ್ಡನ್ನು, ಎಲ್ಲರಿಗೂ ಒಂದೇ ಮಾತು: "ಗಾಡಿ ಬಂದು ನಿಂತ ಮೇಲೆ ಒಂದು ಫೋನ್ ಹಾಕಿ. 'ಬಂತು' ಅನ್ನಿ, ಸಾಕು." ಗೋಡೆಗೆ ಒಂದು ಹಾಳೆ ಅಂಟಿಸಿ, ಯಾವ ಗಾಡಿ ಎಲ್ಲಿಗೆ ಎಷ್ಟು ಹೊತ್ತಿಗೆ ಬಂತೆಂದು ಗುರುತು ಹಾಕುತ್ತಾ ಹೋದಳು. ನಾಲ್ಕು ದಿನದಲ್ಲಿ ಗಡಿಯಾರ ನೋಡಿ ಗಾಡಿ ಎಲ್ಲಿದೆ ಎಂದು ಹೇಳುವಷ್ಟಾದಳು. ಆಗ ಅವಳಿಗೆ ಮೊದಲ ಸಲ ಗೊತ್ತಾಯಿತು: ಹದಿನಾಲ್ಕು ವರ್ಷದಲ್ಲಿ ಒಂದು ಗಾಡಿಯೂ ಸರ್ಕಲ್ ಹತ್ತಿರ ಹೆಚ್ಚು ಹೊತ್ತು ಇದ್ದದ್ದೇ ಇಲ್ಲ.

ಕಷ್ಟ ಬಂದದ್ದು ಹಳಬರಿಂದ. ಮೂರನೇ ದಿನ ಮೀಸೆಯೇ ಫೋನ್ ಮಾಡಿದ.

"ಅಕ್ಕಾ, ಹುಷಾರಿಲ್ವಾ?"

"ಯಾಕೋ?"

"ಬೆಳಗ್ಗೆಯಿಂದ ಫೋನೇ ಇಲ್ಲ. ಮೊಣಕಾಲು ಊದ್ಕೊಂಡಿದೆಯೇನೋ ಅಂತ."

"ಎಲ್ಲಿ..." ಎಂದು ಅಕ್ಕ ನಾಲಗೆ ಕಚ್ಚಿಕೊಂಡಳು. "ಗಾಡಿ ಓಡಿಸ್ತಾ ಇದೀಯಾ?"

"ಹೂಂ ಅಕ್ಕ."

"ಇಡು ಫೋನು. ನಿಲ್ಲಿಸಿದ ಮೇಲೆ ವಿಚಾರಿಸ್ಕೋ ನನ್ನ ಮೊಣಕಾಲು."

ಅದೇ ವಾರ ಮನೆಯಲ್ಲಿ ರಾತ್ರಿ ಊಟಕ್ಕೆ ಕೂತಾಗ ಗುಬ್ಬಿ ತಟ್ಟೆಯಲ್ಲಿ ಗೆರೆ ಎಳೆಯುತ್ತಾ ಇದ್ದಳು. ಎದುರಿಗೆ ಅಪ್ಪ. ಅವರು ಲೈಬ್ರರಿಯಲ್ಲಿ ಗುಮಾಸ್ತರು. 'ಶ್' ಎನ್ನುವುದಕ್ಕೆ ಸಂಬಳ ತೆಗೆದುಕೊಳ್ಳುವ ಊರಿನ ಏಕೈಕ ಮನುಷ್ಯ. ಹೆಂಡತಿಯ ಮುಂದೆ ಮಾತ್ರ ಆ ವಿದ್ಯೆ ಯಾವತ್ತೂ ನಡೆದಿರಲಿಲ್ಲ.

"ಅಮ್ಮಾ, ಒಂದು ಮಾತು ಹೇಳ್ಲಾ? ಬೈಬಾರ್ದು" ಎಂದಳು ಗುಬ್ಬಿ.

"ಬೈಯೋ ಹಾಗಿದ್ರೆ ಬೈತೀನಿ. ಹೇಳು."

"ನೀನು ಫೋನ್ ಮಾಡ್ತಾ ಇದ್ದಾಗ ಎತ್ತಬೇಕು ಅನ್ನಿಸ್ತಾ ಇತ್ತು. ಈಗ ಮಾಡಲ್ಲ, ಈಗ ಯಾಕೆ ಮಾಡ್ಲಿಲ್ಲ ಅಂತ ನೋಡಬೇಕು ಅನ್ಸುತ್ತೆ. ಸಿಗ್ನಲ್ಲಲ್ಲಿ ನಿಂತ್ರೆ ಕೈ ತಾನೇ ಪಕ್ಕದ ಸೀಟಿಗೆ ಹೋಗುತ್ತೆ. ನಿನ್ನೆ ಇನ್ನೇನು ಮುಟ್ಟಬೇಕು, ಕ್ಯಾಮೆರಾ ನೆನಪಾಯ್ತು."

ಅಕ್ಕನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಮಾತಾಡಿದರೂ ತಪ್ಪು, ಸುಮ್ಮನಿದ್ದರೂ ತಪ್ಪು ಎನ್ನುವ ಸ್ಥಿತಿ ತನ್ನ ಗಂಡನಿಗೆ ಮಾತ್ರ ಎಂದು ಅವಳು ಅಂದುಕೊಂಡಿದ್ದಳು.

ಗಂಡನೇ ದಾರಿ ತೋರಿಸಿದರು. "ನಮ್ಮಲ್ಲಿ ಓದೋಕೆ ಬರೋ ಹುಡುಗ್ರು ಫೋನನ್ನ ಬಾಗಿಲ ಹತ್ರ ಡಬ್ಬದಲ್ಲಿ ಹಾಕ್ತಾರೆ. ಸದ್ದು ಆರಿಸಿ ಜೇಬಲ್ಲಿಟ್ಕೊಳ್ಳಿ ಅಂದ್ರೆ ಆಗಲ್ಲ ಅದು, ಹತ್ತು ನಿಮಿಷಕ್ಕೊಂದ್ಸಲ ಜೇಬು ಮುಟ್ಕೋತಾರೆ. ಕೈಗೆ ಎಟುಕಬಾರದು, ಅಷ್ಟೇ."

ಮರುದಿನದಿಂದ ತಾಯಿ ಮಗಳ ನಡುವೆ ಹೊಸ ಒಪ್ಪಂದ. ಬೆಳಗ್ಗೆ ಗಾಡಿ ಹೊರಡುವಾಗ ಗುಬ್ಬಿ ಫೋನನ್ನು ಅಮ್ಮನ ಕೈಗೆ ಕೊಡಬೇಕು, ಅಮ್ಮ ಅದನ್ನು ವ್ಯಾನಿನ ಹಿಂಬದಿಯಲ್ಲಿ ಒಂದು ಖಾಲಿ ಚೀಲದೊಳಗೆ ಹಾಕಿ ಬಾಯಿ ಕಟ್ಟಬೇಕು. ಸದ್ದು ಆರಿಸಲು ಮಾತ್ರ ಅಕ್ಕನಿಗೆ ಮನಸ್ಸು ಬರಲಿಲ್ಲ. ಎಷ್ಟಾದರೂ ತಾಯಿ.

ಚೀಲ ಕೆಲಸ ಮಾಡಿತು. ಗುಬ್ಬಿಯ ಕೈ ನಾಲ್ಕು ದಿನ ಪಕ್ಕದ ಸೀಟು ತಡವಿತು, ಐದನೇ ದಿನ ಮರೆಯಿತು. ಯಜಮಾನರ ಸಂಜೆಯ ಸೀರಿಯಲ್ಲಿನಲ್ಲಿ ಕಥೆಯೇ ಇಲ್ಲದಂತಾಯಿತು. ಕನ್ನಡಿ, ರಸ್ತೆ, ಕನ್ನಡಿ. ತಿಂಗಳ ಕೊನೆಯ ದಿನವೂ ಬಂತು. ಆವತ್ತು ಒಂದು ದಿನ ದಾಟಿದರೆ ಗುಬ್ಬಿಯ ಕೆಲಸ ಖಾಯಂ.

ಹತ್ತೂವರೆಗೆ ಆಸ್ಪತ್ರೆಯ ಸ್ಟೋರ್ ಮೇಡಂ "ಬಂತು" ಎಂದರು. ಹನ್ನೊಂದಕ್ಕೆ ನದಿಯಾಚೆಯ ಲಾಡ್ಜಿನಿಂದ "ಬಂತು" ಬರಬೇಕಿತ್ತು. ಬರಲಿಲ್ಲ. ಹನ್ನೊಂದೂಕಾಲು. ಹನ್ನೊಂದೂವರೆಗೆ ಲಾಡ್ಜಿನ ಮ್ಯಾನೇಜರೇ ಫೋನ್ ಮಾಡಿದ: "ಅಕ್ಕಾ, ಹನ್ನೆರಡಕ್ಕೆ ಟೂರಿಸ್ಟ್ ಬಸ್ ಬರುತ್ತೆ. ನಲವತ್ತು ಜನ. ಬರೀ ಮಂಚದ ಮೇಲೆ ಮಲಗಿಸ್ಲಾ?"

ಹನ್ನೆರಡಕ್ಕೆ ಹತ್ತು ನಿಮಿಷವಿರುವಾಗ ಅವನು ಯಜಮಾನರಿಗೂ ಮಾಡಿದ. ಅವರು ತಮ್ಮ ಕೋಣೆಯಿಂದ ಎದ್ದು ಬಂದು ಅಕ್ಕನ ಟೇಬಲ್ಲಿಗೆ ಕೈಯೂರಿ ನಿಂತರು.

"ಒಂದು ಫೋನ್ ಹಾಕಮ್ಮ ಮಗಳಿಗೆ."

ಅಕ್ಕನ ಬೆರಳು ಆಗಲೇ ಫೋನಿನ ಮೇಲಿತ್ತು. ಮುಕ್ಕಾಲು ಗಂಟೆಯಿಂದ ಅಲ್ಲೇ ಇತ್ತು. ಒತ್ತಿದರೆ ಹಿಂದಿನ ಚೀಲದಲ್ಲಿ ಫೋನು ಹೊಡೆದುಕೊಳ್ಳುತ್ತದೆ. ಗುಬ್ಬಿಯ ಕಿವಿ ಅತ್ತ ಹೋಗುತ್ತದೆ. ಕಿವಿ ಹೋದತ್ತ ತಲೆ, ತಲೆ ಹೋದತ್ತ ಗಾಡಿ. ಆ ದಾರಿ ಅವಳ ಮೊಣಕಾಲಿಗೆ ಚೆನ್ನಾಗಿ ಗೊತ್ತಿತ್ತು.

"ಹಾಕಲ್ಲ ಸರ್" ಎಂದಳು.

ಹದಿನಾಲ್ಕು ವರ್ಷದಲ್ಲಿ ಯಜಮಾನರು ಆ ಬಾಯಿಯಿಂದ ಕೇಳದ ಮಾತು ಅದು. "ಏನಂದ್ರಿ?"

"ಗಾಡಿ ಓಡ್ತಾ ಇರಬಹುದು ಸರ್. ಹಾಕಲ್ಲ."

"ನಾನೇ ಹೇಳ್ತಾ ಇದೀನಲ್ಲಮ್ಮ. ಇದನ್ನ ಲೆಕ್ಕಕ್ಕೆ ತಗೊಳ್ಳಲ್ಲ."

"ನೀವು ತಗೊಳ್ಳಲ್ಲ ಸರ್. ರಸ್ತೆ ತಗೊಳ್ಳುತ್ತಲ್ಲ." ಅಕ್ಕನ ದನಿ ಏರಲಿಲ್ಲ. ಕೈ ಮಾತ್ರ ಫೋನನ್ನು ಡ್ರಾಯರಿನೊಳಗೆ ಹಾಕಿ ಡ್ರಾಯರು ಮುಚ್ಚಿತು.

ಯಜಮಾನರು ತಮ್ಮದೇ ಫೋನು ತೆಗೆದು ತಾವೇ ಒತ್ತಿದರು. ಊರಿಗೆಲ್ಲ ಬೆಡ್‌ಶೀಟು ಹಾಸಿ ಬುದ್ಧಿ ಹೇಳಿದವರಾದರೂ, ಮ್ಯಾನೇಜರು ಬೈಯುವಾಗ ಯಾರಿಗೆ ಬುದ್ಧಿ ನೆನಪಿರುತ್ತದೆ. ಒಂದು ಸಲ ಪೂರ್ತಿ ಹೊಡೆದುಕೊಂಡಿತು, ಯಾರೂ ಎತ್ತಲಿಲ್ಲ. ಎರಡನೇ ಸಲವೂ ಎತ್ತಲಿಲ್ಲ. ಅಕ್ಕ ಕುರ್ಚಿಯ ಕೈ ಹಿಡಿದು ಕೂತಿದ್ದಳು. ಎತ್ತದಿದ್ದರೆ ಭಯ, ಎತ್ತಿದರೆ ಇನ್ನೂ ಭಯ. ಮೂರನೇ ಸಲ ಎತ್ತಿದರು.

"ಯಾರ್ರೀ ಅದು, ಬೆಡ್‌ಶೀಟ್ ರಾಶಿ ಒಳಗಿಂದ ಹಾಡು ಹೇಳ್ತಾ ಇರೋದು?" ಎಂದಿತು ಒಂದು ಗಟ್ಟಿ ಹೆಂಗಸಿನ ದನಿ. ಆಸ್ಪತ್ರೆಯ ಸ್ಟೋರ್ ಮೇಡಂ.

ಯಜಮಾನರು ತಡವರಿಸಿದರು. "ನಾನು... ಲಾಂಡ್ರಿಯಿಂದ."

"ಓ, ನೀವಾ ಸರ್. ದಿಂಬಿನ ಕವರ್ ಚೀಲದಲ್ಲಿ ಒಂದು ಫೋನ್ ಬಂದಿದೆ. ಇದನ್ನೂ ಒಗೆದು ಕಳಿಸಿದೀರಾ, ಇಲ್ಲ ಒಗೆಯೋಕೆ ವಾಪಸ್ ಕಳಿಸ್ಲಾ?"

ಅಕ್ಕ ಹಣೆ ಹಿಡಿದುಕೊಂಡಳು. ಊರಿನ ಪ್ರತಿಯೊಂದು ಮೂಟೆಯ ಜಾತಕ ಬಲ್ಲವಳು, ಬೆಳಗ್ಗೆ ಅವಸರದಲ್ಲಿ ಖಾಲಿ ಚೀಲದ ಬದಲು ಪಕ್ಕದಲ್ಲಿ ಬಾಯಿ ತೆರೆದಿದ್ದ ಆಸ್ಪತ್ರೆಯ ಚೀಲಕ್ಕೇ ಫೋನು ಹಾಕಿ ತಾನೇ ಗಂಟು ಬಿಗಿದಿದ್ದಳು. ಗುಬ್ಬಿ ಅದನ್ನು ತಾನೇ ಇಳಿಸಿ, ಲೆಕ್ಕ ಕೊಟ್ಟು ಹೋಗಿದ್ದಳು.

"ಅಂದ್ರೆ ಹುಡುಗಿ ಹತ್ರ ಫೋನೇ ಇಲ್ಲ" ಎಂದರು ಯಜಮಾನರು ನಿಧಾನವಾಗಿ.

"ಇಲ್ಲ ಸರ್."

"ಹಾಗಾದ್ರೆ ಈಗ ಏನು ಮಾಡೋದು?"

"ಕಾಯೋದು" ಎಂದಳು ಅಕ್ಕ. ಹೇಳಿದ್ದು ಸುಲಭ. ಗಡಿಯಾರದ ದೊಡ್ಡ ಮುಳ್ಳು ಒಂದು ಮನೆ ದಾಟುವುದಕ್ಕೆ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆ ಎಂದು ಇಬ್ಬರೂ ಕೂತು ನೋಡಿದರು. ಯಜಮಾನರು ಅವಳ ಎದುರಿನ ಸ್ಟೂಲಿನ ಮೇಲೆ ಕೂತದ್ದು ಅದೇ ಮೊದಲು.

ಹನ್ನೆರಡೂ ಐದಕ್ಕೆ ಟೇಬಲ್ ಮೇಲಿನ ಇನ್ನೊಂದು ಫೋನು ಹೊಡೆದುಕೊಂಡಿತು.

"ಅಮ್ಮಾ, ಲಾಡ್ಜಿನಿಂದ ಮಾಡ್ತಾ ಇದೀನಿ" ಎಂದಿತು ಗುಬ್ಬಿಯ ದನಿ. "ಸೇತುವೆ ರಿಪೇರಿ ಅಂತ ಬಂದ್ ಮಾಡಿದಾರೆ. ಬೈಪಾಸ್ ಸುತ್ಕೊಂಡು ಬಂದೆ. ಬೆಡ್‌ಶೀಟ್ ಇಳಿಸ್ತಾ ಇದಾರೆ. ಬಸ್ ಇನ್ನೂ ಬಂದಿಲ್ಲ."

ಅಕ್ಕನ ಗಂಟಲಲ್ಲಿ ಐವತ್ತು ಮಾತು ಒಟ್ಟಿಗೆ ಬಂದು ಬಾಗಿಲಲ್ಲಿ ಸಿಕ್ಕಿಕೊಂಡವು. ಹೊರಗೆ ಬಂದದ್ದು ಒಂದೇ. "ಸರಿ. ಇನ್ನು ಎರಡು ಜಾಗ ಇದೆ. ಮುಗಿಸ್ಕೊಂಡು ಬಾ."

ಸಂಜೆ ಯಜಮಾನರು ಕ್ಯಾಮೆರಾದ ಚಿಪ್ಪು ಹಾಕಿಕೊಂಡು ಕೂತರು. ಅರ್ಧ ಗಂಟೆ ಬಿಟ್ಟು ಅಕ್ಕನನ್ನು ಒಳಗೆ ಕರೆದರು. ಪರದೆಯ ಮೇಲೆ ಬಂದ್ ಆದ ಸೇತುವೆ, ಗಾಡಿಗಳ ಗೊಂದಲ, ಹಾರನ್ನು. ಗುಬ್ಬಿಯ ಮುಖ ಬೆವರಿತ್ತು. ಅವಳು ಇಂಡಿಕೇಟರ್ ಹಾಕಿ ಪಕ್ಕಕ್ಕೆ ಬಂದು, ಗಾಡಿ ಆಫ್ ಮಾಡಿ, ಇಳಿದು ಯಾರನ್ನೋ ದಾರಿ ಕೇಳಿ, ಹತ್ತಿ, ಕನ್ನಡಿ ನೋಡಿ ಹೊರಟಳು. ಅಷ್ಟೇ.

"ನಾನು ಮೂರು ಸಲ ಫೋನ್ ಮಾಡಿದ್ನಲ್ಲ" ಎಂದರು ಯಜಮಾನರು ಪರದೆ ನೋಡುತ್ತಲೇ. "ಆಗ ಅವಳು ಬೈಪಾಸಲ್ಲಿ ಲಾರಿಗಳ ಮಧ್ಯೆ ಇದ್ಲು. ಫೋನು ಗಾಡೀಲಿ ಇದ್ದಿದ್ರೆ..." ಕಂಪ್ಯೂಟರು ಆರಿಸಿದರು. "ನಾಳೆಯಿಂದ ಅವಳು ಖಾಯಂ. ನೀವೇ ಹೇಳಿಬಿಡಿ. ಆಮೇಲೆ ಆ ಚೀಲದ ವ್ಯವಸ್ಥೆ ಆರೂ ಗಾಡಿಗೆ ಮಾಡಿ. ಗುರುತು ಹಾಕಿದ ಚೀಲ ಇರಲಿ."

ಗುಬ್ಬಿ ಮಾರನೆಯ ದಿನ ಬೆಳಗ್ಗೆ ತಮ್ಮ ಮನೆಯ ಬೀದಿಯ ಪಕ್ಕದ ಕ್ಲಿನಿಕ್ಕಿನಿಂದ ಮೊದಲ ಮೂಟೆ ಎತ್ತಬೇಕಿತ್ತು. ಆದ್ದರಿಂದ ಈ ಸಂಜೆ ವ್ಯಾನು ಅವಳ ಜೊತೆ ಮನೆಗೇ ಹೋಗುವುದು ಎಂದಾಗಿತ್ತು. ಅಕ್ಕ ಸುದ್ದಿ ಹೊತ್ತುಕೊಂಡು ಅಂಗಳಕ್ಕೆ ಹಾರಿದಳು. ಅಷ್ಟರಲ್ಲಿ ಗುಬ್ಬಿ ಸ್ಟೇರಿಂಗ್ ಹಿಡಿದು ಕೂತಿದ್ದಳು, ಎಂಜಿನ್ನು ಓಡುತ್ತಿತ್ತು, ಹಿಂದೆ ಮೀಸೆಯ ಗಾಡಿ ದಾರಿಗೆ ಕಾಯುತ್ತಾ ಹಾರನ್ನು ಹೊಡೆಯುತ್ತಿತ್ತು. ಅಕ್ಕ ಪಕ್ಕದ ಸೀಟಿಗೆ ಹತ್ತಿದಳು. ವ್ಯಾನು ಗೇಟು ದಾಟಿತು.

ಹೇಳಿಬಿಡಲೇ ಎಂದು ಬಾಯಿ ತೆರೆದಳು. ಎದುರಿಗೆ ಸಂಜೆಯ ರಸ್ತೆ ತುಂಬಿ ಹರಿಯುತ್ತಿತ್ತು. ಸೈಕಲ್ಲು, ಬಸ್ಸು, ಶಾಲೆ ಬಿಟ್ಟ ಮಕ್ಕಳು. ಗುಬ್ಬಿಯ ಕಣ್ಣು ಎಡಗನ್ನಡಿ, ರಸ್ತೆ, ಬಲಗನ್ನಡಿ ಎಂದು ಹೊಲಿಗೆ ಹಾಕುತ್ತಿತ್ತು. ಈ ಸುದ್ದಿ ಎಷ್ಟು ಬೆಡ್‌ಶೀಟ್ ಉದ್ದವಿರಬಹುದು ಎಂದು ಅಕ್ಕ ಲೆಕ್ಕ ಹಾಕಿ ಬಾಯಿ ಮುಚ್ಚಿದಳು. ಮನೆ ಮುಂದೆ ನಿಂತ ಮೇಲೆ ಹೇಳಿದರಾಯಿತು. ಹದಿನೈದು ನಿಮಿಷ. ಹದಿನಾಲ್ಕು ವರ್ಷಕ್ಕಿಂತ ಅದೇ ಹೆಚ್ಚೆನಿಸಿತು.

"ಸರ್ ಏನಂದ್ರಮ್ಮ?" ಎಂದಳು ಗುಬ್ಬಿ, ರಸ್ತೆಯನ್ನೇ ನೋಡುತ್ತಾ.

"ಮನೆಗೆ ಹೋದ್ಮೇಲೆ ಹೇಳ್ತೀನಿ."

"ಲೇಟಾಯ್ತು ಅಂತ ಬೈದ್ರಾ?"

"ರಸ್ತೆ ನೋಡು."

"ನೋಡ್ತಾನೇ ಇದೀನಿ. ಕೆಲಸ ಹೋಯ್ತಾ?"

"ಗುಬ್ಬಿ, ಮನೆಗೆ ಹೋದ್ಮೇಲೆ ಅಂದ್ನಲ್ಲ."

ಗುಬ್ಬಿ ಒಂದು ಸಿಗ್ನಲ್ಲು ದಾಟಿದಳು. ಎರಡು ಸ್ಟಾಪು ದಾಟಿದಳು. ಸ್ಟೇರಿಂಗಿನ ಮೇಲಿನ ಬೆರಳುಗಳು ಬಿಗಿಯಾಗುತ್ತಾ ಬಂದದ್ದು ಅಕ್ಕನಿಗೆ ಕಂಡಿತು. ಸುಮ್ಮನಿದ್ದೂ ತಾನು ಈ ಹುಡುಗಿಯ ತಲೆಯೊಳಗೆ ಗಲಾಟೆ ಮಾಡುತ್ತಿದ್ದೇನೆ ಎಂದು ಅವಳಿಗೆ ಹೊಳೆಯುವಷ್ಟರಲ್ಲಿ ಟಿಕ್ ಟಿಕ್ ಎಂದು ಎಡಗಡೆಯ ಇಂಡಿಕೇಟರು ಬಡಿದುಕೊಳ್ಳತೊಡಗಿತು. ವ್ಯಾನು ಒಂದು ಮರದ ಕೆಳಗೆ, ಮುಚ್ಚಿದ ಗ್ಯಾರೇಜಿನ ಮುಂದೆ ಮೆಲ್ಲಗೆ ಬಂದು ನಿಂತಿತು. ಗುಬ್ಬಿ ಹ್ಯಾಂಡ್‌ಬ್ರೇಕ್ ಎಳೆದು, ಎಂಜಿನ್ ಆರಿಸಿ, ಕೀ ತೆಗೆದು ಮಡಿಲಲ್ಲಿಟ್ಟುಕೊಂಡು ಅಮ್ಮನ ಕಡೆ ತಿರುಗಿದಳು.

"ಹೀಗೆ ತಲೇಲಿ ಇಟ್ಕೊಂಡು ಓಡ್ಸೋಕಾಗಲ್ಲಮ್ಮ. ಈಗ ಹೇಳು."

"ಖಾಯಂ ಕಣೇ" ಎಂದಳು ಅಕ್ಕ. "ನಾಳೆಯಿಂದ."

ಗುಬ್ಬಿ ಎರಡು ಕೈಯಲ್ಲೂ ಮುಖ ಮುಚ್ಚಿಕೊಂಡಳು, ತೆಗೆದಳು, ನಕ್ಕಳು, ಮತ್ತೆ ಮುಚ್ಚಿಕೊಂಡಳು. ಪಕ್ಕದಲ್ಲಿ ಬಸ್ಸೊಂದು ಹೋಯಿತು, ವ್ಯಾನು ಒಂದಿಷ್ಟು ಅಲುಗಿತು.

"ಹೊರಡೋಣ್ವಾ? ಅಪ್ಪ ಕಾಯ್ತಾ ಇರ್ತಾರೆ" ಎಂದಳು ಅಕ್ಕ.

"ಕಾಯ್ಲಿ. ಐದು ನಿಮಿಷ ಇರಮ್ಮ" ಎಂದಳು ಗುಬ್ಬಿ ಕಣ್ಣೊರೆಸಿಕೊಳ್ಳುತ್ತಾ. "ಈಗ ಓಡಿಸಿದ್ರೆ ನನಗೆ ರಸ್ತೆ ಕಾಣಲ್ಲ."

ಅಕ್ಕ ಸೀಟಿಗೆ ಒರಗಿದಳು. ಇಬ್ಬರೂ ಮರದ ಕೆಳಗೆ ಕೂತು, ಹೋಗಿ ಬರುವ ಗಾಡಿಗಳನ್ನು ನೋಡತೊಡಗಿದರು.